ನನ್ನ ಕಾರ್ಡಿನ ಕಟ್ಟಿನಲ್ಲಿ ಬಾಲೂ ಯಾಕಿರಲಿಲ್ಲ?



ಮೊನ್ನೆ ಹಳೇ ಟ್ರಂಕ್ ತೆಗೆದಾಗ ಒಂದು ಕಟ್ಟು ಕ್ರಿಕೆಟ್ ಕಾರ್ಡ್ ಸಿಕ್ತು. ಬಿಗ್ ಫನ್ ಬಬಲ್ ಗಮ್ ಜೊತೆ ಬರ್ತಿದ್ವಲ್ಲ, ಅವು. ಹೊಸಪೇಟೆಯ ನಮ್ಮ ಕೇರಿ ಹುಡುಗರಿಗೆ ಅದೇ ಆಸ್ತಿ.

ಇವುಗಳ ತಾತ ಸಿಗರೇಟ್ ಕಾರ್ಡು. ಪ್ಯಾಕೆಟ್ ಮುದುರದಿರಲಿ ಅಂತ ಇಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಸೆಟ್ ತಂದಿತ್ತು. ಬಿಳಿ ಬಟ್ಟೆ, ಕ್ಯಾಪು, ಬ್ಯಾಟು: ಇವು ಬರೀ ಉಡುಪಲ್ಲ, ಅಂತಸ್ತಿನ ಗುರುತು. ಅಲ್ಲೂ ಕೂಲಿಗೆ ಆಡೋರು ಬೇರೆ, ದೊರೆಗಳು ಬೇರೆ; ಸ್ಕೋರ್ ಶೀಟಿನಲ್ಲಿ ಹೆಸರು ಬರೆಯೋ ರೀತಿಯೂ ಬೇರೆ. ಅಂಥ ಕಾರ್ಡುಗಳಲ್ಲಿ ಮಿಂಚಿದ ಭಾರತೀಯ ಯಾರು? ರಾಜಮನೆತನದ ರಣಜಿತ್‌ಸಿಂಹಜಿ.

ಅದೇ ಕಾಲದವರು ಪಾಲ್ವಣಕರ್ ಬಾಲೂ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯ ಕ್ಲಬ್ಬಿನಲ್ಲಿ ಪಿಚ್ ಉರುಳಿಸುತ್ತಾ, ಇಂಗ್ಲಿಷರಿಗೆ ಬಾಲ್ ಹಾಕುತ್ತಾ ಬೆಳೆದರು. ಹಿಂದೂ ತಂಡಕ್ಕೆ ಅವರ ಎಡಗೈ ಬೇಕಿತ್ತು, ಆದರೆ ಚಹಾ ಮಾತ್ರ ಹೊರಗೆ, ಮಣ್ಣಿನ ಲೋಟದಲ್ಲಿ! 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯ್ತು. ನಾಯಕ ಪಟಿಯಾಲದ ಮಹಾರಾಜ. 114 ವಿಕೆಟ್ ಕಿತ್ತವರು ಬಾಲೂ. ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಜಗಳ ಮಾಡಿದ ಮೇಲೆ 1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು, ಕಪ್ಪೂ ಗೆದ್ದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಬಾಲೂ ಅವರನ್ನು ಬಾಬಾಸಾಹೇಬರ ಎದುರಿಗೇ ನಿಲ್ಲಿಸಿತು, ಸೋತರು. ಅದೂ ಇತಿಹಾಸವೇ, ಮುಚ್ಚಿಡೋದು ಬೇಡ.

ನನ್ನ ಕಟ್ಟಿನಲ್ಲಿ ಬಾಲೂ ಇರಲಿಲ್ಲ. ಶಾಲೆಯಲ್ಲೂ ಅವರ ಹೆಸರು ಕೇಳಲಿಲ್ಲ.

ಹಂಪಿಯ ಮಹಾನವಮಿ ದಿಬ್ಬಕ್ಕೆ ಹೋದರೆ ಗೋಡೆ ನೋಡಿ. ಕುಸ್ತಿಯವರು, ಬೇಟೆಯವರು, ಕುಣಿಯೋರು. ದೊರೆ ಮೇಲೆ ಕೂತು ನೋಡ್ತಿದ್ದ. ದೊರೆಯ ಹೆಸರು ನಮಗೆಲ್ಲ ಬಾಯಿಪಾಠ. ಆ ಕುಸ್ತಿಯವರಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲ. ಕಲ್ಲಿನಿಂದ ಕಾರ್ಡಿನವರೆಗೆ ಇದೇ ಪದ್ಧತಿ ನಡ್ಕೊಂಡು ಬಂದಿದೆ.

ಬಾಲೂ ಹೆಸರಾದರೂ ನಮಗೆ ಉಳಿದಿದೆ. ಏಪ್ರಿಲ್ 14ಕ್ಕೆ ಕಂಪ್ಲಿ, ಸಂಡೂರು ಕಡೆ ಟೂರ್ನಮೆಂಟ್ ಇಟ್ಟುಕೊಳ್ಳೋ ತಮ್ಮಂದಿರೇ, ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಪಕ್ಕ ಬಾಲೂ ಫೋಟೊನೂ ಹಾಕಿ. ಚಿಕ್ಕ ಕಾರ್ಡು ಮಾಡಿಸಿ, ಮಕ್ಕಳ ಕೈಗೆ ಕೊಡಿ. ಹಿಂದೆ ಇಷ್ಟೇ ಇರಲಿ: ಧಾರವಾಡ, 1911, 114 ವಿಕೆಟ್. ಖರ್ಚಿಗೆ ನನ್ನ ಪಾಲೂ ಇದೆ.