ಗಾಳಿಯ ಮೇಲಿನ ದೂರು

ರಾಜಾಜಿನಗರ, ವಿಜಯನಗರಗಳು ಹುಟ್ಟುವ ಎಷ್ಟೋ ಮೊದಲೇ ನೆರೆಯ ಮಲ್ಲೇಶ್ವರ ಹುಟ್ಟಿತ್ತು. ಅದರ ಹಳೆಯ ಬೀದಿಗಳು ನೇರವಾಗಿರುವುದನ್ನೂ, ಮನೆಗಳ ಹಿಂದೆ ಕಿರಿದಾದ ಓಣಿಗಳಿರುವುದನ್ನೂ ತಾವು ನೋಡಿರಬಹುದು. ಆ ಬಡಾವಣೆ ಬೆಳೆದ ಕಥೆಯೊಳಗೆ ಒಂದು ಮಹಾಮಾರಿಯ ಕಥೆಯೂ ಸೇರಿಕೊಂಡಿದೆ.

1898ರ ಆಗಸ್ಟಿನಲ್ಲಿ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಿತು. ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಸಾವಿರಾರು ಜನ ಸತ್ತರು. ಅನೇಕರು ಮನೆಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಕೆಲವರು ಮಾರಮ್ಮನಿಗೆ ಹರಕೆ ಹೊತ್ತರು. ಪ್ಲೇಗ್ ಮಾರಮ್ಮನ ಗುಡಿಗಳು ನಗರದಲ್ಲಿ ಇಂದಿಗೂ ಉಂಟು. ಇನ್ನು ಕೆಲವರು ಕೊಳೆತ ಗಾಳಿಯನ್ನು ದೂರಿದರು. ಮೊದಲೇ ಯೋಜಿಸಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸಕ್ಕೆ ಈ ಭಯವೇ ವೇಗ ಕೊಟ್ಟಿತು.

ಆದರೆ ತಪ್ಪು ಗಾಳಿಯದಾಗಿತ್ತೆ? ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಸಿಮೊಂಡ್, ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಸಾಗಿಸುತ್ತದೆಂದು ತೋರಿಸಿದ. ಅನೇಕರು ನಂಬಲಿಲ್ಲ, ಮಾತು ನಿಜವೆಂದು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದವು. ಶ್ವಾಸಕೋಶಕ್ಕೆ ತಗುಲಿದ ಪ್ಲೇಗು ಕೆಮ್ಮಿನಿಂದ ಹರಡುವುದು ನಿಜ. ಗಡ್ಡೆಯ ಪ್ಲೇಗಿನ ಮಟ್ಟಿಗೆ ಗಾಳಿ ನಿರಪರಾಧಿ.

ಇಂಥ ಶೋಧಗಳಾದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 1910ರಲ್ಲಿ ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚೇಪಿನ್, ಗಾಳಿಯ ಭಯ ಬಿಟ್ಟು ಸ್ಪರ್ಶದ ಕಡೆ ಗಮನವಿಡಬೇಕೆಂದು ವಾದಿಸಿದ. 1934ರಲ್ಲಿ ವಿಲಿಯಂ ವೆಲ್ಸ್ ಎಂಬಾತ, ಕೆಮ್ಮಿದಾಗ ಹೊರಡುವ ಸಣ್ಣ ಹನಿಗಳು ಬೇಗನೆ ಒಣಗಿ ಗಾಳಿಯಲ್ಲೇ ತೇಲುತ್ತವೆಂದು ಬರೆದ. ಆದರೂ ಕ್ಷಯ, ದಡಾರದಂಥ ಕೆಲವನ್ನು ಬಿಟ್ಟರೆ ಬೇರೆ ರೋಗಗಳಿಗೂ ಗಾಳಿಯೇ ದಾರಿಯಾದೀತೆಂಬುದನ್ನು ಒಪ್ಪಲು ವೈದ್ಯಲೋಕ ಬಹುಕಾಲ ಹಿಂಜರಿಯಿತು.

ಈ ಹಿಂಜರಿಕೆಯ ಫಲವನ್ನು ನಾವು ಕೋವಿಡ್ ಕಾಲದಲ್ಲಿ ಕಂಡೆವು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲವೆಂದು ಸಾರಿತು. ಜನ ತರಕಾರಿಗೆ ಸೋಪು ಹಚ್ಚಿ ತೊಳೆದರು, ದಿನಪತ್ರಿಕೆ ನಿಲ್ಲಿಸಿದರು. ಬೀದಿಗಳಿಗೆ ಔಷಧಿ ಸಿಂಪಡಿಸಿದ್ದೂ ಆಯಿತು. ಮುಚ್ಚಿದ ಕೋಣೆಯ ಕಿಟಕಿಯ ಕಡೆ ನೋಡಿದವರು ಕಡಿಮೆ. ಆ ಜುಲೈನಲ್ಲಿ 239 ಮಂದಿ ವಿಜ್ಞಾನಿಗಳು ಗಾಳಿಯ ದಾರಿಯನ್ನು ಗಮನಿಸಿರೆಂದು ಬಹಿರಂಗವಾಗಿ ಕೇಳಿಕೊಂಡರು. ಸಂಸ್ಥೆ ಹಂತ ಹಂತವಾಗಿ ಒಪ್ಪಿತು. 2024ರಲ್ಲಿ ಅದು ದೊಡ್ಡ ಹನಿ, ಸಣ್ಣ ಹನಿಗಳೆಂಬ ಹಳೆಯ ವಿಂಗಡಣೆಯನ್ನೇ ಕೈಬಿಟ್ಟಿತು.

ವಿಷಯವೇನೂ ಕಠಿಣವಲ್ಲ. ನಡುಮನೆಯಲ್ಲಿ ಊದುಬತ್ತಿ ಹಚ್ಚಿ ನೋಡಿ. ಹತ್ತಿರ ಹೊಗೆ ದಟ್ಟ. ಬಾಗಿಲು ಮುಚ್ಚಿದ್ದರೆ ಸ್ವಲ್ಪ ಹೊತ್ತಿಗೆ ಮೂಲೆಯಲ್ಲೂ ವಾಸನೆ. ಎದುರುಬದುರಾಗಿ ಎರಡು ಕಿಟಕಿ ತೆರೆದರೆ ಹೊಗೆ ತೆಳುವಾಗುತ್ತದೆ. ರೋಗಿಯ ಉಸಿರಿನ ಕಣಗಳೂ ಬಹುಮಟ್ಟಿಗೆ ಹೀಗೆಯೇ ಸಾಗುತ್ತವೆ.

ಒಂದೊಂದು ರೋಗಕ್ಕೂ ಅದರದೇ ದಾರಿ. ಕಾಲರಾ ನೀರಿನಲ್ಲಿ ಬರುತ್ತದೆ, ಡೆಂಗಿ ಸೊಳ್ಳೆಯ ಮೇಲೆ, ದಡಾರ ಗಾಳಿಯಲ್ಲಿ. ಯಾವ ರೋಗ ಬಂದಾಗಲೂ ಮೊದಲು ಅದರ ದಾರಿ ಯಾವುದೆಂದು ವಿಚಾರಿಸಿ. ಕೈ ತೊಳೆಯುವ ಅಭ್ಯಾಸ ಹೇಗೂ ಇರಲಿ. ಮನೆಯಲ್ಲಿ ಜ್ವರ, ಕೆಮ್ಮು ಇದ್ದವರಿದ್ದರೆ ಮೂಗು ಬಾಯಿಗೆ ಮರೆ ಕಟ್ಟಿ, ಚಳಿಯೆಂದು ಕಿಟಕಿ ಮುಚ್ಚಬೇಡಿ.