ವಿಜಯಪುರ ಜಿಲ್ಲೆಯಲ್ಲಿ ಯಂತ್ರ ಮತ್ತು ವಿದ್ಯೆ

ವಿದ್ಯೆಯನ್ನು ಒಬ್ಬರಿಂದ ಮತ್ತೊಬ್ಬರಿಗೆ ಮುಟ್ಟಿಸುವ ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ತಾಳೆಗರಿಯ ಸ್ಥಾನಕ್ಕೆ ಕಾಗದ ಬಂದಿತು. ಕೈಬರಹದ ಸ್ಥಾನಕ್ಕೆ ಮುದ್ರಣ ಬಂದಿತು. ಇಂದು ಗಣಕಯಂತ್ರವೂ ಅಂತರಜಾಲವೂ ಬಂದಿವೆ. ಹೊಸ ಸಾಧನವೊಂದು ಕಾಲಿಟ್ಟಾಗಲೆಲ್ಲ ಇನ್ನು ಗುರುವೇ ಬೇಕಿಲ್ಲವೆಂದು ಹಿಗ್ಗುವವರು ಕೆಲವರು, ವಿದ್ಯೆಯೇ ಕೆಟ್ಟಿತೆಂದು ಮರುಗುವವರು ಕೆಲವರು. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಲು ನಾವು ದೂರ ಹೋಗಬೇಕಾಗಿಲ್ಲ. ಹಿಂದೆ ಬಿಜಾಪುರವೆನಿಸಿದ್ದು 2014ರಿಂದ ವಿಜಯಪುರವೆನಿಸಿಕೊಂಡಿರುವ ನಮ್ಮ ಜಿಲ್ಲೆಯ ಒಂದು ಶತಮಾನದ ಇತಿಹಾಸವೇ ಅದಕ್ಕೆ ಸಾಕಾಗಿದೆ.

ಈ ಇತಿಹಾಸದ ಮೊದಲ ಪುಟದಲ್ಲಿ ಫ. ಗು. ಹಳಕಟ್ಟಿಯವರ ಹೆಸರಿದೆ. ವಕೀಲಿ ವೃತ್ತಿಗಾಗಿ ಬಿಜಾಪುರಕ್ಕೆ ಬಂದು ನೆಲೆಸಿದ ಅವರು 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಗೆ ಅಡಿಗಲ್ಲಿಟ್ಟರು. ಅವರು ಸಂಪಾದಿಸಿದ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗ 1923ರಲ್ಲಿ ಅಚ್ಚಾದುದು ಬೆಳಗಾವಿಯ ಮುದ್ರಣಾಲಯದಲ್ಲಿ. ಪರಸ್ಥಳದ ಯಂತ್ರವನ್ನು ನೆಚ್ಚಿಕೊಂಡು ಇಷ್ಟು ದೊಡ್ಡ ಕಾರ್ಯ ಸಾಗದೆಂಬುದನ್ನು ಅರಿತು ಅವರು 1925ರಲ್ಲಿ ಬಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದ ಸಂಗತಿ ಸರ್ವವಿದಿತವಾಗಿದೆ. ಮರುವರ್ಷವೇ ‘ಶಿವಾನುಭವ’ ಪತ್ರಿಕೆ ಹೊರಟಿತು. ಮುದ್ರಣಯಂತ್ರವನ್ನು ಹಳಕಟ್ಟಿಯವರು ಕಂಡುಹಿಡಿಯಲಿಲ್ಲ. ಆದರೆ ಅದನ್ನು ಊರಿನದನ್ನಾಗಿ ಮಾಡಿಕೊಂಡರು. ಶಾಲೆ, ಮುದ್ರಣ, ಪತ್ರಿಕೆ ಮೂರೂ ಒಂದೇ ಊರಿನಲ್ಲಿ ಒಂದೇ ಉದ್ದೇಶಕ್ಕೆ ದುಡಿದವು. ಆ ಕಾರ್ಯ ನಿಂತುದರ ಗುಟ್ಟು ಇದೇ.

ಅರ್ಧ ಶತಮಾನದ ತರುವಾಯ ಎರಡನೆಯ ಸಾಧನ ಬಂದಿತು. ಅದು ಬಂದುದು ಆಕಾಶದಿಂದ. ವಿಕ್ರಮ ಸಾರಾಭಾಯಿಯವರ ಕನಸಿನಂತೆ 1969ರಲ್ಲಿ ಭಾರತ ಮತ್ತು ಅಮೆರಿಕಗಳ ನಡುವೆ ಒಂದು ಒಪ್ಪಂದವಾಗಿದ್ದಿತು. ಅದರಂತೆ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಬೋಧನ ಪ್ರಯೋಗ ನಡೆಯಿತು. ಅದಕ್ಕೆ ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಬೆಂಗಳೂರಿನ ಮನೆಗಳಲ್ಲಿ ಇನ್ನೂ ದೂರದರ್ಶನ ಇಲ್ಲದಿದ್ದ ಕಾಲದಲ್ಲಿ ಬರದ ಬೀಡೆನಿಸಿದ್ದ ನಮ್ಮ ಹಳ್ಳಿಗಳಿಗೆ ಅದು ಮೊದಲು ಬಂದುದು ಸಾಮಾನ್ಯ ಸಂಗತಿಯಲ್ಲ.

ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದ ಎ.ಟಿ.ಎಸ್.-6 ಎಂಬ ಉಪಗ್ರಹವು ಚಿತ್ರಗಳನ್ನು ಬಿತ್ತರಿಸುತ್ತಿತ್ತು. ತಂತಿಯ ಬಲೆಯಿಂದ ಹೆಣೆದ ಹತ್ತು ಅಡಿ ಅಗಲದ ಕೊಡೆಯಾಕಾರದ ಆಂಟೆನಾ ಅವುಗಳನ್ನು ಹಿಡಿಯುತ್ತಿತ್ತು. ದೇಶದಲ್ಲಿ ಒಟ್ಟು ಸುಮಾರು 2,400 ಹಳ್ಳಿಗಳಲ್ಲಿ ಶಾಲೆ, ಪಂಚಾಯತಿಗಳಂತಹ ಸಾರ್ವಜನಿಕ ಸ್ಥಳಗಳಲ್ಲಿ ಈ ಪೆಟ್ಟಿಗೆಗಳನ್ನು ಇರಿಸಲಾಯಿತು. ವಿದ್ಯುತ್ತಿಲ್ಲದೆಡೆ ಬ್ಯಾಟರಿ ಜೋಡಿಸಲಾಯಿತು. ಮುಂಜಾನೆ ಶಾಲೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಸುಮಾರು ಇಪ್ಪತ್ತೆರಡು ನಿಮಿಷಗಳ ಪಾಠ; ಸಂಜೆ ಊರವರಿಗೆ ಕೃಷಿ, ಆರೋಗ್ಯ, ಕುಟುಂಬ ಕಲ್ಯಾಣಗಳ ತಿಳಿವಳಿಕೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು.

ಇದರಿಂದ ಏನು ಸಿದ್ಧಿಸಿತು? ಈ ಪ್ರಶ್ನೆಯನ್ನು ಆಗಲೇ ಕೇಳಿದುದು ಆ ಪ್ರಯೋಗದ ಹಿರಿಮೆ. ಸಮಾಜ ವಿಜ್ಞಾನಿಗಳು ಆಯ್ದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿ ಪರಿಣಾಮಗಳನ್ನು ಅಳೆದರು. ಮಕ್ಕಳ ಭಾಷಾಶಕ್ತಿ ಹೆಚ್ಚಿತು. ಪಠ್ಯದ ಹೊರಗಿನಿಂದಲೂ ತಿಳಿಯಬೇಕೆಂಬ ಕುತೂಹಲ ಮೂಡಿತು. ಆದರೆ ಶಾಲಾ ಪರೀಕ್ಷೆಯ ಸಾಧನೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಶಾಲೆಗೆ ಸೇರುವವರು ಹೆಚ್ಚಲಿಲ್ಲ, ಬಿಡುವವರು ತಗ್ಗಲಿಲ್ಲ. ಹೊಲದ ಕೆಲಸಕ್ಕೂ ಕೂಸು ನೋಡಿಕೊಳ್ಳುವುದಕ್ಕೂ ಮಕ್ಕಳನ್ನು ಎಳೆದೊಯ್ಯುವ ಬಡತನಕ್ಕೆ ಚಿತ್ರದ ಪೆಟ್ಟಿಗೆ ಮದ್ದಾಗಲಾರದು.

ಅದೇ ಪ್ರಯೋಗದ ಇನ್ನೊಂದು ಭಾಗ ಚೆನ್ನಾಗಿ ಫಲಿಸಿತು. ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಎರಡು ಸರದಿಗಳಲ್ಲಿ ಹನ್ನೆರಡು ಹನ್ನೆರಡು ದಿನ ನಡೆಸಿದರು. ಸುಮಾರು 48,000 ಶಿಕ್ಷಕರು ಅದರ ಲಾಭ ಪಡೆದರು. ಅಲ್ಲಿ ದೂರದರ್ಶನವೊಂದೇ ಇರಲಿಲ್ಲ. ಅದರ ಜೊತೆಗೆ ರೇಡಿಯೋ ಪಾಠ, ಅಚ್ಚಾದ ಪುಸ್ತಿಕೆ, ಕೈಯಾರೆ ಮಾಡುವ ಪ್ರಯೋಗ ಮತ್ತು ಸಂದೇಹ ಪರಿಹರಿಸಲು ಒಬ್ಬ ಮಾರ್ಗದರ್ಶಿ ಶಿಕ್ಷಕ ಇದ್ದರು. ಶಿಕ್ಷಕರ ಜ್ಞಾನ ಸ್ಪಷ್ಟವಾಗಿ ಹೆಚ್ಚಿದುದು ಕಂಡುಬಂದಿತು. ಮನುಷ್ಯ ಬಳಿಯಲ್ಲಿದ್ದೆಡೆ ಯಂತ್ರ ಕಲಿಸಿತು. ಬರಿಯ ಯಂತ್ರವಿದ್ದೆಡೆ ಅದು ತೋರಿಸಿತು, ಅಷ್ಟೇ.

ವರ್ಷ ತುಂಬಿದೊಡನೆ ಉಪಗ್ರಹವು ಒಡೆಯರಿಗೆ ಮರಳಿತು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ತೆರೆಯಿತಾದರೂ ಅದರ ವ್ಯಾಪ್ತಿಯಾಚೆಗಿನ ಹಳ್ಳಿಗಳ ಮಕ್ಕಳ ಪಾಠ ಅಲ್ಲಿಗೇ ನಿಂತಿತು. ಮುಂದೆ 1984ರಲ್ಲಿ ಕೇಂದ್ರ ಸರಕಾರ ದೇಶದ ಸುಮಾರು 250 ಶಾಲೆಗಳಲ್ಲಿ ಗಣಕಯಂತ್ರ ಪರಿಚಯದ ಯೋಜನೆಯನ್ನು ಆರಂಭಿಸಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ‘ಎಜುಸ್ಯಾಟ್’ ಉಪಗ್ರಹ ಶ್ರೀಹರಿಕೋಟೆಯಿಂದ ಹಾರಿತು. ಅದರ ಮೊದಲ ಹಂತದ ಪ್ರಯೋಗಕ್ಕೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಆಯ್ಕೆಯಾಯಿತು. ಆ ಉಪಗ್ರಹದ ಆಯುಷ್ಯವೂ 2010ಕ್ಕೆ ಮುಗಿಯಿತು. ಆದರೆ ಹಳಕಟ್ಟಿಯವರ ಹೆಸರಿನಲ್ಲಿ ವಿಜಯಪುರದಲ್ಲಿ 1980ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದಿಗೂ ಗಣಕ ವಿದ್ಯೆಯನ್ನು ಕಲಿಸುತ್ತಿದೆ. ಎರವಲು ತಂದ ಯಂತ್ರಕ್ಕೂ ಊರು ಕಟ್ಟಿಕೊಂಡ ಸಂಸ್ಥೆಗೂ ಇರುವ ಅಂತರ ಇದು.

ಮೂರನೆಯ ಪರೀಕ್ಷೆ 2020ರಲ್ಲಿ ಬಂದಿತು. ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದವು. ಆನ್‌ಲೈನ್ ಪಾಠಗಳು ಮೊದಲಾದವು. ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನ್ ಇದ್ದವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಪಂಗಡಗಳಾಗಿ ಎಣಿಸಬೇಕಾಯಿತು. ಆ ವರ್ಷದ ಆಗಸ್ಟಿನಲ್ಲಿ ರಾಜ್ಯ ಸರಕಾರ ‘ವಿದ್ಯಾಗಮ’ವನ್ನು ತಂದಾಗ ಶಿಕ್ಷಕರೇ ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಯಂತ್ರ ಮುಟ್ಟದ ಮನೆಗೆ ಗುರು ಮುಟ್ಟಬಲ್ಲನೆಂಬುದನ್ನು ಅದು ತೋರಿಸಿಕೊಟ್ಟಿತು.

ಈಗ ತಾಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಭಾಗದಲ್ಲಿ ದ್ರಾಕ್ಷಿಯ ತೋಟಗಳಿವೆ. ಜೊತೆಗೆ ಕಬ್ಬು ಕಡಿಯಲೂ ಕೂಲಿಗೂ ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳೂ ನಮ್ಮ ಜಿಲ್ಲೆಯಲ್ಲಿವೆ. ಕೃಷ್ಣೆಯ ನೀರು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಈ ನೆಲಕ್ಕೆ ಏರಿ ಬಂದಿದೆ. ನೀರು ಎಷ್ಟೇ ದೂರದಿಂದ ಬರಲಿ, ಅದನ್ನು ತುಂಬಿಕೊಳ್ಳುವ ಕೆರೆಯೂ ಹೊಲಕ್ಕೆ ಹಾಯಿಸುವ ಕಾಲುವೆಯೂ ಊರಿನಲ್ಲಿಯೇ ಇರಬೇಕು. ಅಂತರಜಾಲದ ವಿದ್ಯೆಯೂ ಹಾಗೆಯೇ. ಕೆರೆಯಾಗಬೇಕಾದುದು ಶಾಲೆ, ಗ್ರಂಥಾಲಯ, ಪ್ರಸಾದ ನಿಲಯಗಳು; ಕಾಲುವೆಯಾಗಬೇಕಾದವನು ಶಿಕ್ಷಕ.

ನಮ್ಮ ಮಠಗಳು ಅನ್ನದ ಜೊತೆಗೆ ವಿದ್ಯೆಯನ್ನೂ ದಾಸೋಹವೆಂದು ಬಗೆದು ಪ್ರಸಾದ ನಿಲಯಗಳನ್ನು ನಡೆಸಿಕೊಂಡು ಬಂದಿವೆ. ಅಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಗಣಕ ವಿದ್ಯೆ ಬಲ್ಲವರು ಅನೇಕರಿದ್ದಾರೆ. ಒಂದು ನಿಲಯಕ್ಕೆ ನಾಲ್ಕು ಗಣಕಯಂತ್ರ, ಕೂಡಿಟ್ಟ ಕನ್ನಡ ಪಾಠಗಳು, ಸಂಜೆಗೆ ಎರಡು ತಾಸು ಮಕ್ಕಳೊಡನೆ ಕೂಡ್ರುವ ಒಬ್ಬ ಹಿರಿಯ, ಇವಿಷ್ಟು ದೊರೆತರೆ ಗುಳೆ ಹೋದವರ ಮಕ್ಕಳೂ ಓದಿನಿಂದ ತಪ್ಪಿಹೋಗರು. ಯಂತ್ರವನ್ನು ಕೊಟ್ಟು ಮರಳುವುದು ಸುಲಭ. ಅದರ ಬಳಿ ಕುಳಿತು ಕಲಿಸುವುದು ಕಷ್ಟ. ಎರಡನೆಯದನ್ನು ಮಾಡಿದವರ ಕಾರ್ಯವೇ ಈ ಜಿಲ್ಲೆಯಲ್ಲಿ ಉಳಿದಿದೆ.