ಮೈಸೂರು ಶೈಲಿಯ ನಾಟ್ಯ: ವಯಸ್ಸಿನೊಂದಿಗೆ ಮಾಗಿದ ಅಭಿನಯ

ಹಳೆಯ ಮೈಸೂರು ಸಂಸ್ಥಾನದ ಅರಮನೆಯಲ್ಲೂ ದೇವಾಲಯಗಳಲ್ಲೂ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪು ತಳೆದ ಭರತನಾಟ್ಯದ ಪದ್ಧತಿಯನ್ನು ಮೈಸೂರು ಶೈಲಿ ಎನ್ನುತ್ತಾರೆ. ಮೈಸೂರು, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಬಳಿಯ ಮೂಗೂರು ಇದರ ಮುಖ್ಯ ನೆಲೆಗಳು. ಕೋಲಾರ, ಮುಳಬಾಗಿಲು ಕಡೆಗೆ ಇನ್ನೊಂದು ಕವಲು ಬೆಳೆಯಿತು. ಕಾಲಿನ ಬಿರುಸಿಗಿಂತ ಮುಖದ ಮತ್ತು ಕೈಯ ಮಾತಿಗೆ, ಅಂದರೆ ಅಭಿನಯಕ್ಕೆ, ಹೆಚ್ಚು ಬೆಲೆ ಕೊಟ್ಟದ್ದು ಈ ಶೈಲಿಯ ಗುರುತು. ನರ್ತಕಿಯ ಯೌವನ ಮುಗಿಯಿತೆಂದರೆ ಕಲೆಯೂ ಮುಗಿಯಿತು ಎಂಬ ಲೆಕ್ಕ ಇಲ್ಲಿ ನಡೆಯಲಿಲ್ಲ.

ಕನ್ನಡ ನಾಡಿನಲ್ಲಿ ನಾಟ್ಯಕ್ಕೆ ದೇವಾಲಯ ಮತ್ತು ಆಸ್ಥಾನ ಎರಡೂ ಆಸರೆಯಾಗಿದ್ದವು. ದತ್ತಿ ಶಾಸನಗಳಲ್ಲಿ ‘ಅಂಗಭೋಗ ರಂಗಭೋಗ’ ಎಂಬ ಜೋಡಿ ಮಾತು ಮತ್ತೆ ಮತ್ತೆ ಬರುತ್ತದೆ. ದೇವರ ಸ್ನಾನ, ಅಲಂಕಾರ, ನೈವೇದ್ಯಗಳು ಅಂಗಭೋಗ. ದೇವರ ಮುಂದೆ ನಡೆಯುವ ಹಾಡು, ವಾದ್ಯ, ಕುಣಿತ ರಂಗಭೋಗ. ಈ ಕೆಲಸಕ್ಕೆ ನೇಮಕವಾದ ಹೆಂಗಸರನ್ನು ಶಾಸನಗಳು ಪಾತ್ರ, ಸೂಳೆ ಎಂದು ಕರೆಯುತ್ತವೆ. ಎರಡನೆಯ ಪದಕ್ಕೆ ಆಗ ಈಗಿನ ಬೈಗುಳದ ಧ್ವನಿ ಇರಲಿಲ್ಲ. ಹೊಯ್ಸಳ ದೇವಾಲಯಗಳ ನವರಂಗದ ನಡುವೆ ನಾಟ್ಯಕ್ಕೆಂದೇ ಇದ್ದ ನುಣುಪಾದ ದುಂಡು ಕಲ್ಲಿನ ಜಗಲಿ ಇಂದಿಗೂ ಕಾಣಸಿಗುತ್ತದೆ. ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಹೊಗಳುತ್ತವೆ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ನೃತ್ಯಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟ.

ಆಡುವುದರ ಬಗ್ಗೆ ಬರೆದವರು ಹಲವರು. ಆಡಲು ಕಲಿಯುವುದರ ಬಗ್ಗೆ ಬರೆದವರು ವಿರಳ. ಹಾಗಾಗಿ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬಿಟ್ಟುಹೋದ ವಿವರ ಬಹಳ ಬೆಲೆಯುಳ್ಳದ್ದು. ಅರಮನೆಯೊಳಗೆ ಹೆಂಗಸರು ನಾಟ್ಯ ಕಲಿಯುವ ಉದ್ದನೆಯ ಶಾಲೆಯೊಂದನ್ನು ಅವನು ಕಂಡಿದ್ದ. ಅದರ ಫಲಕಗಳಲ್ಲಿ ನರ್ತಕಿಯರ ಆಕೃತಿಗಳನ್ನು ಕೊರೆಯಲಾಗಿತ್ತು. ಒಂದೊಂದು ಫಲಕವೂ ಒಂದೊಂದು ನೃತ್ಯದ ಕೊನೆಯ ನಿಲುವನ್ನು ತೋರಿಸುತ್ತಿತ್ತು. ಕಲಿಯುವವಳಿಗೆ ಹೇಗೆ ನಿಲ್ಲಬೇಕೆಂಬುದು ಮರೆತುಹೋದರೆ ಆ ಕಡೆ ಕಣ್ಣು ಹಾಯಿಸಿ ಸರಿಪಡಿಸಿಕೊಳ್ಳಬಹುದಿತ್ತು. ಅದೇ ಶಾಲೆಯ ಒಂದು ತುದಿಯಲ್ಲಿ ಹೆಂಗಸರು ಕೈಯಿಂದ ಹಿಡಿದು ಜೋತು ಮೈಕಾಲುಗಳನ್ನು ಸಡಿಲಿಸಿಕೊಳ್ಳುವ ಜಾಗವೂ ಇತ್ತು. ದೇವಾಲಯದ ಗೋಡೆಯ ಮೇಲಿನ ನರ್ತಕಿಯರನ್ನು ಅಲಂಕಾರವೆಂದಷ್ಟೇ ನೋಡುವ ಕಣ್ಣಿಗೆ, ಶಿಲ್ಪವು ಪಾಠದ ಪುಸ್ತಕವೂ ಆಗಿದ್ದಿತು ಎಂಬ ಈ ಸುದ್ದಿ ಸಣ್ಣದಲ್ಲ.

ವಿಜಯನಗರದ ಮಹಾನವಮಿಯನ್ನು ಮೈಸೂರಿನ ಒಡೆಯರು ಮುಂದುವರಿಸಿದರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಮುಂದೆ ಮೈಸೂರಿಗೆ ಬಂದಿತು. ದರ್ಬಾರಿನಲ್ಲಿ ಸಿಂಹಾಸನದ ಮುಂದೆ ನಾಟ್ಯವಾಗುವ ಪದ್ಧತಿಯೂ ಜೊತೆಗೆ ಬಂದಿತು. ಆದರೆ ಮೈಸೂರು ಶೈಲಿ ಎಂದು ಹೆಸರಿಡಬಹುದಾದ ಕಟ್ಟು ಸಿದ್ಧವಾದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ (1799–1868) ಕಾಲದಲ್ಲಿ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ದೊರೆಗೆ ರಾಜ್ಯಭಾರದ ಹೊರೆ ಉಳಿಯಲಿಲ್ಲ. ಅರಮನೆ ಮಾತ್ರ ಉಳಿಯಿತು. ಸಾಹಿತ್ಯ, ಸಂಗೀತ, ಚಿತ್ರ, ನಾಟ್ಯಗಳಿಗೆ ಆ ಕಾಲದಲ್ಲಿ ದೊರೆತ ಆಶ್ರಯದ ಹಿಂದೆ ಈ ಸೋಲಿನ ಪಾಲೂ ಇದೆ.

ತಂಜಾವೂರು ಸಹೋದರರೆಂದು ಹೆಸರಾದ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರಲ್ಲಿ ಹಿರಿಯನಾದ ಚಿನ್ನಯ್ಯ (1802–1856) ಮುಮ್ಮಡಿಯವರ ಆಸ್ಥಾನಕ್ಕೆ ಬಂದದ್ದು ಈ ಸಂದರ್ಭದಲ್ಲಿ. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಎಂಬ ಕಛೇರಿಯ ಕ್ರಮವನ್ನು ನೆಲೆಗೊಳಿಸಿದ ಕೀರ್ತಿ ಈ ಸಹೋದರರದು. ತಮ್ಮ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರ ಆಸ್ಥಾನ ಸೇರಿದ. ಚಿನ್ನಯ್ಯ ಮೈಸೂರಿನ ದೊರೆಯ ಮೇಲೆ ವರ್ಣಗಳನ್ನೂ ಜಾವಳಿಗಳನ್ನೂ ರಚಿಸಿದ. ಜಾವಳಿ ಎಂಬ ಹೆಸರಿನ ಮೂಲ ಕನ್ನಡದ ‘ಜಾವಡಿ’ ಎಂಬ ಪದ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ‘ಪದ’ವೆಂಬ ಹಾಡಿನ ಗಾಂಭೀರ್ಯವಿಲ್ಲದ, ತುಸು ತುಂಟತನದ, ಆಡುಮಾತಿಗೆ ಹತ್ತಿರವಾದ ಈ ಶೃಂಗಾರದ ಹಾಡು ಮೈಸೂರಿನ ನರ್ತಕಿಯರ ಕೈಯಲ್ಲಿ ಬಹಳ ಪಳಗಿತು.

ಚಿನ್ನಯ್ಯ ತೀರಿಕೊಂಡ ಮರುವರ್ಷ, 1857ರಲ್ಲಿ ಹುಟ್ಟಿದವಳು ಜಟ್ಟಿ ತಾಯಮ್ಮ. ತಂದೆ ದಾಸಪ್ಪ ಕುಸ್ತಿಯ ಜಟ್ಟಿ. ಹೆಸರಿನ ಮುಂದಿನ ‘ಜಟ್ಟಿ’ ಬಂದದ್ದು ಅಲ್ಲಿಂದ. ಮಟ್ಟಿಯಲ್ಲಿ ಮೈ ಪಳಗಿಸುವ ಮನೆಯ ಮಗಳು ನಾಟ್ಯಕ್ಕೆ ಬಂದದ್ದು ವಿಚಿತ್ರವಾಗಿ ಕಂಡರೂ, ದಿನ ತಪ್ಪದ ಸಾಧಕ ಎರಡು ಕಡೆಗೂ ಸಮಾನ. ಚಾಮರಾಜ ಒಡೆಯರು ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರು, ಇಬ್ಬರ ಆಸ್ಥಾನಗಳಲ್ಲೂ ಆಕೆ ನರ್ತಿಸಿದಳು. ‘ನಾಟ್ಯ ಸರಸ್ವತಿ’ ಎಂಬ ಬಿರುದು ಪಡೆದಳು. ಮಂಡಿ ಬಗ್ಗಿಸಿ ನಿಲ್ಲುವ ಅರೆಮಂಡಿಗೆ ಕಾಲು ಒಲ್ಲೆನೆನ್ನುವ ವಯಸ್ಸಿನಲ್ಲೂ ಆಕೆಯ ಅಭಿನಯಕ್ಕೆ ಮನ್ನಣೆ ಕುಂದಲಿಲ್ಲ.

ಆ ಅಭಿನಯದ ಹಿಂದಿನ ಕಲಿಕೆ ದೀರ್ಘವಾದದ್ದು. ಮಗು ಏಳೆಂಟು ವರ್ಷಕ್ಕೆ ಗುರುವಿನ ಮುಂದೆ ನಿಲ್ಲುತ್ತಿತ್ತು. ಗುರು ಕೋಲಿನಿಂದ ಮಣೆಯ ಮೇಲೆ ತಾಳ ತಟ್ಟುತ್ತ ಸೊಲ್ಲುಕಟ್ಟು ಹೇಳಿದಂತೆ, ಹೆಜ್ಜೆಯ ಮೂಲಪಾಠವಾದ ಒಂದೊಂದು ಅಡವನ್ನೂ ಮೂರು ಕಾಲಗಳಲ್ಲಿ ಮಾಡಬೇಕು. ಇಷ್ಟು ಎಲ್ಲ ಪದ್ಧತಿಗಳಿಗೂ ಸಮಾನ. ಮೈಸೂರಿನಲ್ಲಿ ಇದರ ಜೊತೆಗೇ ಸಂಗೀತದ ಪಾಠ, ಸಂಸ್ಕೃತದ ಪಾಠ ನಡೆಯಬೇಕಿತ್ತು. ಏಕೆಂದರೆ ಕಛೇರಿಯ ಮುಖ್ಯ ಭಾಗ ಕ್ಷೇತ್ರಯ್ಯನ ತೆಲುಗು ಪದಗಳು, ಜಯದೇವನ ಅಷ್ಟಪದಿ, ಅಮರುಕನ ಶತಕದ ಶ್ಲೋಕಗಳು, ಕೃಷ್ಣಕರ್ಣಾಮೃತ. ಅರ್ಥ ತಿಳಿಯದೆ ಇವುಗಳಿಗೆ ಕೈ ಆಡಿಸಿದರೆ ಪಂಡಿತರೇ ತುಂಬಿದ ಸಭೆಯಲ್ಲಿ ನಗೆಪಾಟಲಾಗುವುದು ಖಂಡಿತ.

ಶ್ಲೋಕದ ಅಭಿನಯ ಎಲ್ಲಕ್ಕಿಂತ ಕಷ್ಟದ್ದು. ವರ್ಣದಲ್ಲಿ ತಾಳವಿದೆ, ಜತಿಗಳಿವೆ. ಭಾವ ಸೊರಗಿದರೆ ಕಾಲು ಕಾಪಾಡುತ್ತದೆ. ಶ್ಲೋಕಕ್ಕೆ ತಾಳವೇ ಇಲ್ಲ. ಹಾಡುವವರು ರಾಗವನ್ನು ನಿಧಾನವಾಗಿ ಬಿಡಿಸುತ್ತ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಪ್ರತಿ ಸಲವೂ ನರ್ತಕಿ ಹೊಸ ಅರ್ಥ ಹೊಳೆಯಿಸಬೇಕು. ನಾಯಕ ಇನ್ನೂ ಬಂದಿಲ್ಲ ಎಂಬಷ್ಟೇ ಮಾತನ್ನು ಮೊದಲ ಸಲ ಬಾಗಿಲ ಕಡೆಗಿನ ನೋಟದಿಂದ, ಮರುಸಲ ಕೂದಲಲ್ಲಿ ಬಾಡಿದ ಹೂವಿನಿಂದ, ಮತ್ತೊಮ್ಮೆ ಸಖಿಯ ಮೇಲಿನ ಸಿಡುಕಿನಿಂದ ಹೇಳಬಹುದು. ಇದಕ್ಕೆ ಸಂಚಾರಿ ಎಂದು ಹೆಸರು. ನಾಯಿಕೆ ಯಾವ ಬಗೆಯವಳು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನೆಯನ್ನು ಸಿಂಗರಿಸಿ ಕಾಯುವ ವಾಸಕಸಜ್ಜಿಕೆಯ ತಡವರಿಕೆ ಬೇರೆ. ಬೇರೊಬ್ಬಳ ಗುರುತು ಹೊತ್ತು ಬೆಳಗ್ಗೆ ಬಂದವನನ್ನು ಎದುರಿಸುವ ಖಂಡಿತೆಯ ಮೌನ ಬೇರೆ. ಹದಿನಾರರ ಹುಡುಗಿ ಈ ವ್ಯತ್ಯಾಸವನ್ನು ಕಂಠಪಾಠ ಮಾಡಬಲ್ಲಳು, ತೋರಿಸುವುದು ಕಷ್ಟ. ಬದುಕಿನಿಂದ ನರ್ತಕಿ ಪಡೆದದ್ದು ಕಲೆಯೊಳಗೆ ಇಳಿಯುತ್ತಿದ್ದ ಜಾಗ ಇದು. ಹಿರಿಯ ನರ್ತಕಿಯರು ಕುಳಿತೇ ಪದ ಅಭಿನಯಿಸುವ ಪದ್ಧತಿ ಉಳಿದು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ತಾಯಮ್ಮನ ಕಾಲದಲ್ಲೇ ಈ ನರ್ತಕಿಯರ ಬದುಕಿನ ನೆಲೆ ಅಲುಗಾಡತೊಡಗಿತ್ತು. ದೇವಾಲಯದ ಸೇವೆಗೆ ಬಿಟ್ಟ ಹೆಂಗಸರಿಗೆ ಆಸ್ತಿಯ ಹಕ್ಕಿತ್ತು, ವಿದ್ಯೆಯಿತ್ತು. ಮದುವೆಯಿಲ್ಲದ ಅವರ ಬದುಕು ಶ್ರೀಮಂತರ ಆಶ್ರಯಕ್ಕೆ ಕಟ್ಟುಬಿದ್ದಿತ್ತು ಎಂಬುದೂ ಅಷ್ಟೇ ನಿಜ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತ್ಯದ ಕಾಯಿದೆ ಬಂದದ್ದು ಇದರ ಸುಮಾರು ನಾಲ್ಕು ದಶಕಗಳ ನಂತರ, 1947ರಲ್ಲಿ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ಸೇವೆಯ ಹಕ್ಕನ್ನು ಉಳಿಸಿಕೊಡುವಂತೆ ಸರ್ಕಾರಕ್ಕೆ ಮನವಿ ಮಾಡಿಕೊಂಡರೂ ಫಲ ಸಿಗಲಿಲ್ಲ. ಮನೆತನದ ನಾಟ್ಯ ಮಾತ್ರ ಒಮ್ಮೆಗೇ ಅಳಿಯಲಿಲ್ಲ. ತ್ರಿಪುರಸುಂದರಿಯ ಗುಡಿಯಿರುವ ಮೂಗೂರಿನಿಂದ ಬಂದ ಜೇಜಮ್ಮ, ಸುಂದರಮ್ಮ, ತ್ರಿಪುರಸುಂದರಮ್ಮ ಇಪ್ಪತ್ತನೆಯ ಶತಮಾನದಲ್ಲೂ ಹೆಸರಾಗಿದ್ದರು.

ಜಟ್ಟಿ ತಾಯಮ್ಮನ ಶಿಷ್ಯೆಯರಲ್ಲಿ ಮುಖ್ಯಳಾದ ಕೆ. ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರಿನ ಬಳಿಯ ತಂಗಲಿ ತಾಂಡಾದ ಲಂಬಾಣಿ ಕುಟುಂಬದಲ್ಲಿ. ಎಂಟನೆಯ ವಯಸ್ಸಿಗೆ ತಾಯಮ್ಮನ ಮನೆಯ ವಿದ್ಯಾರ್ಥಿನಿಯಾದಳು. ದೇವೋತ್ತಮ ಜೋಯಿಸರಂಥ ಪಂಡಿತರಿಂದ ಸಂಸ್ಕೃತ, ಬಿ. ದೇವೇಂದ್ರಪ್ಪ ಮತ್ತು ಸಿ. ರಾಮರಾವ್ ಅವರಿಂದ ಕರ್ನಾಟಕ ಸಂಗೀತ ಕಲಿತಳು. ತಾಂಡಾದ ನುಡಿಯಿಂದ ಹೊರಟು ಅಮರುಕನ ಸಂಸ್ಕೃತಕ್ಕೂ ಕ್ಷೇತ್ರಯ್ಯನ ತೆಲುಗಿಗೂ ತಲುಪಿದ ಈ ದಾರಿಯನ್ನು ಕೇವಲ ಪ್ರತಿಭೆ ಎಂದು ಹೇಳಿ ಮುಗಿಸಿದರೆ ನಡುವಿನ ದುಡಿಮೆ ಕಾಣೆಯಾಗುತ್ತದೆ. ಹನ್ನೆರಡನೆಯ ವರ್ಷಕ್ಕೆ ರಂಗಪ್ರವೇಶವಾಯಿತು. ಅದು ಕಲಿಕೆಯ ಮುಕ್ತಾಯವಾಗಿರಲಿಲ್ಲ. ಆ ಬಳಿಕ ಸುಮಾರು ಮೂವತ್ತು ವರ್ಷ ಗುರುವಿನ ಜೊತೆಯಲ್ಲೇ ನರ್ತಿಸಿದಳು. 1939ರಲ್ಲಿ ನಾಲ್ವಡಿಯವರು ಆಕೆಯನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ದೇವಾಲಯದಲ್ಲಿ ನಾಟ್ಯಸೇವೆ ನಿಲ್ಲಿಸಿದ್ದೂ ಅರಮನೆಯಲ್ಲಿ ನರ್ತಕಿಗೆ ವಿದುಷಿಯ ಪಟ್ಟ ಕೊಟ್ಟದ್ದೂ ಒಬ್ಬರೇ ದೊರೆಯ ಆಳ್ವಿಕೆಯಲ್ಲಿ ಎಂಬುದು ಆ ಕಾಲದ ಇಬ್ಬಂದಿತನವನ್ನು ತೋರಿಸುತ್ತದೆ.

1930ರ ದಶಕದಲ್ಲಿ ಮದರಾಸಿನಲ್ಲಿ ಈ ನಾಟ್ಯಕ್ಕಿದ್ದ ಸದಿರ್ ಎಂಬ ಹೆಸರು ಹಿಂದೆ ಸರಿದು ಭರತನಾಟ್ಯ ಎಂಬ ಹೆಸರು ಮುಂದೆ ಬಂದಿತು. ರುಕ್ಮಿಣೀದೇವಿ 1936ರಲ್ಲಿ ಕಲಾಕ್ಷೇತ್ರವನ್ನು ಆರಂಭಿಸಿದರು. ಬೆಂಗಳೂರಿನ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು ಬಂದರು. ಪಂದನಲ್ಲೂರು ಶೈಲಿಯ ಗೆರೆ ಕೊರೆದಂಥ ಅಂಗಶುದ್ಧಿ ಹೊಸ ರಂಗಮಂದಿರಗಳಿಗೆ, ದೂರ ಕುಳಿತ ಪ್ರೇಕ್ಷಕರಿಗೆ ಚೆನ್ನಾಗಿ ಒಪ್ಪಿತು. ಹುಬ್ಬಿನ ಕೊಂಕಿನಲ್ಲಿ ಅರ್ಥ ಹೇಳುವ ಮೈಸೂರಿನ ಕಲೆ ಹತ್ತಿರದಿಂದ ನೋಡುವ ಸಣ್ಣ ಸಭೆಗೆ ಹೊಂದಿಕೊಂಡು ಬೆಳೆದದ್ದು. ಕೊನೆಯ ಸಾಲಿನವರಿಗೆ ಅದು ಕಾಣುವುದೇ ಕಷ್ಟ. ಮಧ್ಯಮ ವರ್ಗದ ಮನೆಗಳ ಹೆಣ್ಣುಮಕ್ಕಳು ಕಲಿಯಲು ಬಂದಾಗ ಶೃಂಗಾರದ ಪದಗಳ ಬಗ್ಗೆ ಹಿಂಜರಿಕೆಯೂ ಸೇರಿಕೊಂಡಿತು. ನಾಟ್ಯದ ನುಡಿಗಳ ಅರ್ಥವೂ ಬದಲಾಯಿತು. ದೇವದಾಸಿ ಮನೆತನಗಳಲ್ಲಿ ‘ಗೆಜ್ಜೆಪೂಜೆ’ ಹುಡುಗಿಯನ್ನು ಆ ವೃತ್ತಿಗೆ ಸೇರಿಸುವ ವಿಧಿಯಾಗಿತ್ತು, ಎಂ.ಕೆ. ಇಂದಿರಾ ಅವರ ಕಾದಂಬರಿಯೂ ಅದನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ಚಿತ್ರವೂ ಆ ಅರ್ಥದಲ್ಲೇ ಹೆಸರು ಪಡೆದವು. ಈಗಿನ ನೃತ್ಯಶಾಲೆಯ ಆಮಂತ್ರಣ ಪತ್ರದಲ್ಲಿ ಅದೇ ಪದ, ವಿದ್ಯಾರ್ಥಿನಿ ಮೊದಲ ಬಾರಿಗೆ ಗೆಜ್ಜೆ ಕಟ್ಟುವ ಮಂಗಳಕಾರ್ಯ.

ಜಟ್ಟಿ ತಾಯಮ್ಮ 1947ರಲ್ಲಿ ತೀರಿಕೊಂಡಳು. ಅರಮನೆಯ ಆಶ್ರಯ ಕ್ಷೀಣಿಸಿದ ಮೇಲೆ ವೆಂಕಟಲಕ್ಷಮ್ಮ ಭಾರತೀಯ ನೃತ್ಯ ನಿಕೇತನ ಎಂಬ ಸ್ವಂತ ಶಾಲೆ ನಡೆಸಿದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. ಮರುವರ್ಷ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅದರ ಮೊದಲ ರೀಡರ್ ಆಗಿ ನೇಮಕಗೊಂಡರು. ಗುರುವಿನ ಮನೆಯಲ್ಲಿ ದಶಕಗಟ್ಟಲೆ ಇದ್ದು ಕಲಿತದ್ದನ್ನು ಗಂಟೆಯ ಲೆಕ್ಕದ ತರಗತಿಯಲ್ಲಿ ಹೇಳಿಕೊಡುವ ಕೆಲಸ ಅದು. 1974ರಲ್ಲಿ ನಿವೃತ್ತರಾದ ಅವರಿಗೆ 1977ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1992ರಲ್ಲಿ ಪದ್ಮಭೂಷಣ, 1995ರಲ್ಲಿ ರಾಜ್ಯ ಸರ್ಕಾರದ ಶಾಂತಲಾ ಪ್ರಶಸ್ತಿ ಬಂದವು. ತಾಯಮ್ಮನಂತೆಯೇ ಅವರೂ ಇಳಿವಯಸ್ಸಿನಲ್ಲಿ ಕುಳಿತು ಅಭಿನಯ ಕಲಿಸುತ್ತಿದ್ದರು. 2002ರ ಜುಲೈ 1ರಂದು ನಿಧನರಾದರು.

ಸಂಚಾರಿಗಳನ್ನು ಬರೆದಿಡುವ ರೂಢಿ ಈ ಪರಂಪರೆಯಲ್ಲಿರಲಿಲ್ಲ. ಒಂದು ಜಾವಳಿಯ ಸಾಹಿತ್ಯ ಪುಸ್ತಕದಲ್ಲಿ ಸಿಗಬಹುದು, ಅದನ್ನು ತಾಯಮ್ಮ ಹೇಗೆ ಬಿಡಿಸುತ್ತಿದ್ದಳೆಂಬುದು ಶಿಷ್ಯೆಯ ಮೈಯಲ್ಲಿ ಮಾತ್ರ ಉಳಿಯುತ್ತದೆ. ಲಲಿತಾ ಶ್ರೀನಿವಾಸನ್ ಅವರಂಥ ಬೆಂಗಳೂರಿನ ಕಲಾವಿದೆಯರು ವೆಂಕಟಲಕ್ಷಮ್ಮನವರ ಬಳಿ ಕಲಿತು ಮೈಸೂರಿನ ಜಾವಳಿಗಳನ್ನು ಮತ್ತೆ ರಂಗಕ್ಕೆ ತಂದರು. ಅಡವುಗಳಲ್ಲಿ ಹೊರಗಿನ ಶೈಲಿಗಳ ತರಬೇತಿಯೇ ಬಹುತೇಕ ಕಡೆ ನೆಲೆಯೂರಿರುವುದರಿಂದ, ಮೈಸೂರು ಶೈಲಿ ಇಂದು ಹೆಚ್ಚಾಗಿ ಕಾಣಿಸುವುದು ಕಛೇರಿಯ ಉತ್ತರಾರ್ಧದಲ್ಲಿ, ಪದ, ಶ್ಲೋಕ, ಜಾವಳಿಗಳ ಸರದಿ ಬಂದಾಗ.